ಸಾರಾಯಿ ಅಂಗಡಿಯನ್ನು ಹರಸಿದ ಕ್ಯಾಸೆಟ್ಟು

ಮೊದಲನೇ ಕ್ಯಾಸೆಟ್ಟಿನಲ್ಲಿ ಪದ ಎತ್ತಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಯಾರಿಗೂ ಅದು ನೆನಪಿಲ್ಲ.

ಪಾಂಡವಪುರದ ಹುಡುಗರು ಸೇರಿ ಒಂದು ವಾದ್ಯದ ಗುಂಪು ಕಟ್ಟಿದ್ದರು. ರೇಡಿಯೋ ರಿಪೇರಿ ಅಂಗಡಿಯ ಸಾಬರ ಹುಡುಗ ಕೀಬೋರ್ಡು ನುಡಿಸುತ್ತಿದ್ದ, ಅವನೇ ಎಲ್ಲರಿಗೂ ಮುಂದಾಳು. ಮದುವೆಮನೆಯಲ್ಲಿ ನನ್ನ ಸೋಬಾನೆ ಕೇಳಿ, ಅದಕ್ಕೆ ವಾದ್ಯ ಹಾಕಿ ಕ್ಯಾಸೆಟ್ಟು ಮಾಡಿದರು. ನಾನು ಪದ ಎತ್ತುವುದು. ನನ್ನ ವಾರಗಿತ್ತಿ ಮತ್ತು ಕೇರಿಯ ಇಬ್ಬರು ಹೆಂಗಸರು ಹಿಂದಿನಿಂದ ಸೊಲ್ಲು ಹಿಡಿಯುವುದು. ಹಿರಿಸೊಸೆ ಎತ್ತಬೇಕು, ಕಿರಿಯವರು ಹಿಡಿಯಬೇಕು, ನಮ್ಮಲ್ಲಿ ಮೊದಲಿಂದ ಹಾಗೇ. ಕೆ.ಆರ್. ಪೇಟೆ ಬಸ್ಸಿನಲ್ಲಿ ನನ್ನ ಗಂಟಲು ಕೇಳಿ ನಾನೇ ಸೆರಗು ಸರಿಮಾಡಿಕೊಂಡಿದ್ದೆ.

ಎರಡನೇ ಕ್ಯಾಸೆಟ್ಟಿನ ಹೊತ್ತಿಗೆ ಹುಡುಗರ ಮನಸ್ಸು ಬೇರೆಯಾಗಿತ್ತು. ಮದುವೆ ಪದ ಸಾಕು, ಇನ್ನು ನಾಲೆ ನೀರು, ಓಟು, ಸಾರಾಯಿ ಅಂಗಡಿ, ಇವುಗಳ ಮೇಲೆ ಹಾಡಬೇಕು ಅಂದರು. ನಾನು ಚಾಪೆ ಹಾಸಿ ಕಾಫಿ ಕಾಯಿಸಿ ಕೊಟ್ಟೆ. ಕೀಬೋರ್ಡಿನವನು ಕಾಫಿ ಕುಡಿದು ನನ್ನನ್ನು ಬಿಟ್ಟು ವಾರಗಿತ್ತಿಯ ಕಡೆ ನೋಡಿದ.

"ಈ ಸಲ ಚಿಕ್ಕವ್ವ ಎತ್ಲಿ, ದೊಡ್ಡವ್ವಾ. ನಿಮ್ದು ಮದ್ವೆ ಗಂಟ್ಲು. ಇದ್ಕೆ ಬಯ್ಯೋ ಗಂಟ್ಲು ಬೇಕು."

"ನಂಗೆ ಬಯ್ಯಾಕೆ ಬರಾಕಿಲ್ವಾ? ನಮ್ಮನೆಯವ್ರನ್ನ ಕೇಳ್ಲಾ," ಅಂದೆ.

ಜಗುಲಿಯಲ್ಲಿ ಕೂತಿದ್ದ ಗಂಡ, "ಚೆನ್ನಾಗೇ ಬತ್ತದೆ ಕಣಪ್ಪ," ಅಂದ. ಎಲ್ಲರೂ ನಕ್ಕರು. ಮಾತು ಮಾತ್ರ ಬದಲಾಗಲಿಲ್ಲ. ವಾರಗಿತ್ತಿ ಆ ವರ್ಷ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಅಂಗಡಿಯ ಮುಂದೆ ಕೂತು, ಕೂಗಿ ಕೂಗಿ ಗಂಟಲು ಒಡೆದುಕೊಂಡಿದ್ದಳು. ಅದೇ ಬೇಕಂತೆ.

ಅವಳು ಹೇಗೆ ಎತ್ತುತ್ತಾಳೋ ನೋಡಬೇಕು ಅಂತಲೇ ನಾನೂ ಹೋದೆ. ಶ್ರೀರಂಗಪಟ್ಟಣದಲ್ಲಿ ಒಂದು ಕೋಣೆ, ಸದ್ದು ಬರದಂತೆ ಗೋಡೆಗೆಲ್ಲ ಗೋಣಿಚೀಲ ಹೊಡೆದಿದ್ದರು. ವಿಪರೀತ ಸೆಕೆ. ಅವಳು ಮೈಕಿನ ಮುಂದೆ, ನಾನು ಹಿಂದೆ. ಸಾರಾಯಿ ಅಂಗಡಿಯವನನ್ನು ಅವಳು ಬೈದ ಬಗೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಒಳಗೇ ಉರಿಯಿತು.

ನಾವು ಯಾವ ಪದ ಹೇಳಿದರೂ ಕೊನೆಗೆ ಆ ಮನೆಯನ್ನು ಹರಸದೆ ಬಾಯಿ ಮುಚ್ಚುವುದಿಲ್ಲ. ಇವಳ ಬಾಯಿಯೂ ಅಭ್ಯಾಸದಂತೆ ಓಡಿತು:

"ಈ ಮನೆಯ ಬಾಗ್ಲು ತೆರ್ದೇ ಇರ್ಲಿ, ಈ ಮನೆಯ ಕೊಡ ತುಂಬೇ ಇರ್ಲಿ."

ಹಿಂದಿದ್ದ ನಾವೂ ಅದನ್ನೇ ಹಿಡಿದೆವು. ಆಮೇಲೆ ಗೊತ್ತಾಯಿತು, ಅಷ್ಟು ಹೊತ್ತು ಬೈದದ್ದು ಸಾರಾಯಿ ಅಂಗಡಿಯನ್ನು, ಈಗ ಹರಸಿದ್ದೂ ಅದನ್ನೇ.

"ಲೇ, ಬಾಗ್ಲು ಮುಚ್ಚುಸ್ತೀನಿ ಅಂತ ಬಂದು ತೆರುಸ್ಬುಟ್ಯಲ್ಲೇ!" ಅಂದೆ. ಆ ಸೆಕೆಯಲ್ಲೂ ನನಗೆ ಮೈ ತಂಪಾಯಿತು.

"ಅಯ್ಯೋ ಅಕ್ಕಾ, ಬಾಯಿಗೆ ಬಂದ್ಬುಡ್ತು," ಅಂತ ಅಳುಮೋರೆ ಹಾಕಿದಳು.

ಆ ಸಾಲು ಅಳಿಸಿ, ಎತ್ತೋಕೆ ನನ್ನನ್ನೇ ಕರೆಯುತ್ತಾರೆ ಅಂದುಕೊಂಡು ಮೈಕಿನ ಹತ್ತಿರಕ್ಕೆ ಸರಿದಿದ್ದೆ. ಕೀಬೋರ್ಡಿನವನು ಟೇಪು ಹಿಂದಕ್ಕೆ ಓಡಿಸಿ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾರೂ ಮುಟ್ಬೇಡ್ರಿ. ಹರಸ್ದಂಗೇ ಬೈದಂಗಾಯ್ತು, ಇದ್ಕಿಂತ ದೊಡ್ಡ ಬೈಗ್ಳ ಇನ್ನೇನ್ ಬೇಕು?"

ಕ್ಯಾಸೆಟ್ಟಿನಲ್ಲಿ ಓಡಿದ್ದು ಆ ಸಾಲೇ. ನಾಗಮಂಗಲದ ಬಸ್ಸಿಗೆ ಯಾರಾದರೂ ಕುಡಿದು ಹತ್ತಿದರೆ ಕಂಡಕ್ಟರು ಅದನ್ನು ಹಾಡಿ ಟಿಕೆಟು ಕೊಡುತ್ತಿದ್ದ. ನಮ್ಮ ಮೈದುನ ಅಂತೂ ನನ್ನ ಮದುವೆ ಕ್ಯಾಸೆಟ್ಟಿನ ಮೇಲೆಯೇ ಹೆಂಡತಿಯ ಪದ ತುಂಬಿಸಿಕೊಂಡು ಬಂದ.

ಆಮೇಲೆ ಶೀಳನೆರೆಯಲ್ಲಿ ನೆಂಟರ ಮದುವೆ. ಹೆಣ್ಣಿಗೆ ಅರಿಶಿನ ಹಚ್ಚುವಾಗ ಹೆಂಗಸರೆಲ್ಲ ವಾರಗಿತ್ತಿಯ ಮುಖ ನೋಡಿದರು. ಅವಳು ನನ್ನ ಮುಖ ನೋಡಿ, "ನೀನೇ ಎತ್ತಕ್ಕ," ಅಂದಳು. ಬೇಡ ಅನ್ನುತ್ತೇನೆ ಅಂದುಕೊಂಡಿದ್ದಳೇನೋ. ಎತ್ತಿದೆ. ಅವತ್ತು ಗಂಟಲು ಬೆಣ್ಣೆಯ ಹಾಗಿತ್ತು. ಕೊನೆಗೆ ಹರಸಬೇಕಲ್ಲ. "ಈ ಮನೆಯ ಬಾಗ್ಲು" ಅಂದೆನೋ ಇಲ್ಲವೋ, ಸೊಲ್ಲು ಹಿಡಿಯಬೇಕಾದವರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ಕಿಸಕ್ಕೆಂದರು. ಮದುಮಗಳೂ ಅರಿಶಿನದ ಮುಖದಲ್ಲೇ ನಕ್ಕಳು.

ನನ್ನ ಅತ್ತೆ ನನಗೆ ಕಲಿಸಿದ್ದ ಸಾಲು ಅದು. ಆ ನಗುವಿನ ಮಧ್ಯೆಯೇ ಹೇಳಿ ಮುಗಿಸಿದೆ. ಹಿಂದಿನಿಂದ ಸೊಲ್ಲು ಹಿಡಿದದ್ದು ಒಂದೇ ಗಂಟಲು, ಆ ಒಡೆದ ಗಂಟಲು. ಅದಕ್ಕೇ ನನಗೆ ಇನ್ನೂ ಉರಿಯಿತು.