ನಾಲ್ಕನೇ ತಿರುವಿನಲ್ಲಿ ಕೈ ಬೀಸದ ಮನುಷ್ಯ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಲ್ಕನೇ ತಿರುವಿನ ಡಾಂಬರಿನ ಮೇಲೆ ಐವತ್ತೆಂಟರ ಗಂಡಸೊಬ್ಬರು ಮಂಡಿಯೂರಿ ಕೂತು ಅಂಗೈಯಿಂದ ನೆಲ ಸವರುತ್ತಿದ್ದಾರೆ. ದೂರದಿಂದ ನೋಡಿದವರಿಗೆ ಉಂಗುರ ಕಳೆದುಕೊಂಡವರ ಹಾಗೆ ಕಾಣುತ್ತಾರೆ. ಅವರು ಹುಡುಕುತ್ತಿರುವುದು ಬೈಕಿನ ಟೈರು ಜಾರಿಸುವ, ಕಡಲೆಕಾಳಿನ ಗಾತ್ರದ ಜಲ್ಲಿಯನ್ನು. ಸಿಕ್ಕಿದ್ದನ್ನು ಆಚೆ ಎಸೆಯುವುದಿಲ್ಲ, ಜೇಬಿಗೆ ಹಾಕಿಕೊಳ್ಳುತ್ತಾರೆ. ಎಸೆದರೆ ಯಾವುದೋ ಟೈರಿಗೆ ಅಂಟಿಕೊಂಡು ಮತ್ತೆ ಇಲ್ಲಿಗೇ ಬರುತ್ತದಂತೆ. "ಪ್ಯಾಂಟು ಒಗೆದ ಬಕೆಟ್ಟಿನ ತಳದಲ್ಲಿ ಸಿಗೋ ಕಲ್ಲು ಕೂಡಿಟ್ಟಿದ್ರೆ ಇಷ್ಟೊತ್ತಿಗೆ ಒಂದು ಕೋಣೆ ಕಟ್ಟಿಸಬಹುದಿತ್ತು" ಎನ್ನುವುದು ಮನೆಯಲ್ಲಿ ಹೆಂಡತಿಯ ಹಳೆಯ ದೂರು.

ಇಲ್ಲಿ ಅವರನ್ನು ಎಲ್ಲರೂ ಕರೆಯುವುದು ಬಾವುಟದಣ್ಣ ಎಂದು. ವಾರದ ಐದು ದಿನ ಗಾಜಿನ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಾರೆ. ಶನಿವಾರ, ಭಾನುವಾರ ಊರಾಚೆಯ ಈ ಬೈಕ್ ಟ್ರ್ಯಾಕಿನ ನಾಲ್ಕನೇ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುತ್ತಾರೆ. ಹದಿನೆಂಟು ವರ್ಷದಿಂದ ಇದೇ ತಿರುವು, ಟೈರುಗಳನ್ನು ಪೇರಿಸಿ ಕಟ್ಟಿದ ಇದೇ ಗೋಡೆಯ ಹಿಂದೆ, ಇದೇ ಮೂರಡಿ ಜಾಗ.

ವಾರಾಂತ್ಯಕ್ಕೆ ಇಲ್ಲಿ ನಡೆಯುವುದು ಪಂದ್ಯವಲ್ಲ. ಕಪ್ಪೂ ಇಲ್ಲ, ಚಪ್ಪಾಳೆಯೂ ಇಲ್ಲ. ಬ್ಯಾಂಕಿನವರು, ಮೇಷ್ಟ್ರುಗಳು, ದರ್ಜಿಗಳು, ಹೆರಿಗೆ ಡಾಕ್ಟರು, ಹೀಗೆ ವಾರವಿಡೀ ಇನ್ನೊಬ್ಬರ ಮಾತು ಕೇಳಿ ಸುಸ್ತಾದವರು ತಂತಮ್ಮ ಬೈಕು ತರುತ್ತಾರೆ. ಕನ್ನಡಿ ಬಿಚ್ಚಿಟ್ಟು, ಹೆಡ್‌ಲೈಟಿಗೆ ಟೇಪು ಅಂಟಿಸಿ, ಚರ್ಮದ ಉಡುಪಿನಲ್ಲಿ ಹೊಟ್ಟೆಯನ್ನು ಹೇಗೋ ತುರುಕಿಕೊಂಡು ಸುತ್ತು ಹೊಡೆಯುತ್ತಾರೆ. ಹೊಸಬರು, ನಡುವಿನವರು, ಪಳಗಿದವರು ಎಂದು ಮೂರು ಗುಂಪು. ಒಂದೊಂದು ಗುಂಪಿಗೆ ಇಪ್ಪತ್ತು ನಿಮಿಷದಂತೆ ದಿನಕ್ಕೆ ಆರು ಸರದಿ. ಸಂಜೆಯಾಗುವಷ್ಟರಲ್ಲಿ ಬಾವುಟದಣ್ಣನ ಮುಂದೆ ಎರಡು ಸಾವಿರಕ್ಕೂ ಹೆಚ್ಚು ಸಲ ಬೈಕು ಹಾದುಹೋಗಿರುತ್ತದೆ. ಪ್ರತಿ ಸಲವೂ ಅವರು ಉಸಿರು ಬಿಗಿ ಹಿಡಿದು ಬಿಡುತ್ತಾರೆ. ಹಳದಿ ಬಾವುಟ ಎತ್ತಿದರೆ ಮುಂದೆ ಅಪಾಯವಿದೆ, ನಿಧಾನಿಸು ಎಂದರ್ಥ. ಕೆಂಪು ಎತ್ತಿದರೆ ಸವಾರಿಯೇ ಬಂದ್.

ಇವತ್ತು ಮಾತ್ರ ಅವರ ಹೊಟ್ಟೆಗೆ ಟೀ ಕೂಡ ಇಳಿದಿಲ್ಲ. ಹೊಸಬರ ಗುಂಪಿನ ಪಟ್ಟಿಯಲ್ಲಿ ಮೂವತ್ತೊಂದನೇ ನಂಬರಿನ ಎದುರು ಅವರ ಮಗಳ ಹೆಸರಿದೆ. ಇಪ್ಪತ್ನಾಲ್ಕು ವರ್ಷದ ಹುಡುಗಿ, ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ. ಸೆಕೆಂಡ್ ಹ್ಯಾಂಡ್ ಬೈಕು ಕೊಂಡು ವರ್ಷವಾಗಿದೆ. ಟ್ರ್ಯಾಕಿಗೆ ಇಳಿಯುತ್ತಿರುವುದು ಇದೇ ಮೊದಲು. ಅವಳು ಬೀಳುತ್ತಾಳೆ ಎನ್ನುವ ಭಯ ಅವರಿಗಿಲ್ಲ. ಅವಳು ತನ್ನನ್ನು ನೋಡಿಬಿಟ್ಟರೆ ಎನ್ನುವುದೇ ಭಯ.

ಆ ಭಯ ಎಲ್ಲಿಂದ ಬಂತು ಎಂದು ತಿಳಿಯಲು ಬೆಳಗಿನ ಪಾಠ ಕೇಳಬೇಕು. ಏಳು ಗಂಟೆಗೆ ತಗಡಿನ ಶೆಡ್ಡಿನಲ್ಲಿ ಸವಾರರನ್ನೆಲ್ಲ ಕೂರಿಸಿ ಟ್ರ್ಯಾಕಿನ ಮೇಲ್ವಿಚಾರಕಿ ಹೇಳುವುದು ಮುಖ್ಯವಾಗಿ ಒಂದೇ ಮಾತು. "ನಿಮ್ಮ ಕಣ್ಣು ಎಲ್ಲಿರುತ್ತೋ ಗಾಡಿ ಅಲ್ಲಿಗೇ ಹೋಗುತ್ತೆ. ಗುಂಡಿ ನೋಡಿದ್ರೆ ಗುಂಡಿಗೆ, ಗೋಡೆ ನೋಡಿದ್ರೆ ಗೋಡೆಗೆ. ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ."

"ಮೇಡಂ, ಪಕ್ಕದ್ಮನೆ ಕಡೆ ನೋಡಿದ್ರೆ?" ಹಿಂದಿನ ಸಾಲಿನಿಂದ ದರ್ಜಿಯ ಪ್ರಶ್ನೆ.

"ಅದನ್ನ ನಿಮ್ಮನೆಯವರು ನೋಡ್ಕೋತಾರೆ ಬಿಡಿ."

ಎಲ್ಲರೂ ನಗುತ್ತಾರೆ. ಬಾಗಿಲ ಬಳಿ ನಿಂತ ಬಾವುಟದಣ್ಣ ನಗುವುದಿಲ್ಲ. ಆ ಮಾತಿನ ಬೆಲೆ ಏನೆಂದು ಅವರಿಗೆ ಹನ್ನೊಂದು ವರ್ಷದಿಂದ ಗೊತ್ತು.

ಆಗ ಅವರಿಗೊಬ್ಬ ಗೆಳೆಯನಿದ್ದ. ಈಗಲೂ ಇದ್ದಾನೆ. ಬೇಕರಿ ನಡೆಸುವವನು. ತಿಂಗಳಿಗೊಮ್ಮೆ ಬೈಕು ತರುತ್ತಿದ್ದ. ಬರುವಾಗ ಒಲೆಯಿಂದ ಆಗಷ್ಟೇ ತೆಗೆದ ಬನ್ನುಗಳ ಪೊಟ್ಟಣವನ್ನೂ ತರುತ್ತಿದ್ದ. ಆ ದಿನ ತಡವಾಗಿತ್ತು. ಪೊಟ್ಟಣವನ್ನು ಬಾವುಟದಣ್ಣನ ಕೈಗೆ ತುರುಕಿ, "ಹೊಸ ಥರ ಮಾಡಿದೀನಿ, ಹೇಗಿದೆ ಹೇಳೋ" ಎಂದು ಓಡಿದ. ಉತ್ತರ ಕೇಳಲು ಹೊತ್ತಿರಲಿಲ್ಲ.

"ನಾನು ಇಲ್ಲೇ ನಿಂತು ತಿಂದೆ," ಎನ್ನುತ್ತಾರೆ ಬಾವುಟದಣ್ಣ. "ತುಂಬಾ ಚೆನ್ನಾಗಿತ್ತು. ಅವನು ಬರೋದು ಕಾಣಿಸ್ತು. ಚೆನ್ನಾಗಿದೆ ಅಂತ ಹೇಳೋಕೆ ಕೈ ಎತ್ತಿದೆ. ಅಷ್ಟೇ. ಬನ್ನು ಚೆನ್ನಾಗಿದೆ ಅಂತ."

ಉದ್ದನೆಯ ನೇರ ದಾರಿ ಮುಗಿದು ಬಲಕ್ಕೆ ಹೊರಳುವ ಜಾಗವಿದು. ಬಾವುಟದವರು ನಿಲ್ಲುವುದು ಹೊರಳದೆ ನೇರ ಬಂದರೆ ಸಿಗುವ ಗೋಡೆಯ ಹಿಂದೆ. ಎತ್ತಿದ ಕೈಯನ್ನು ಗೆಳೆಯ ನೋಡಿದ. ಕಣ್ಣು ಇತ್ತ ತಿರುಗಿತು, ಗಾಡಿಯೂ ಇತ್ತಲೇ ಬಂತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜೀವ ಉಳಿಯಿತು, ಸೊಂಟದ ಕೆಳಗಿನ ಬಲ ಉಳಿಯಲಿಲ್ಲ.

ಈಗ ಗೆಳೆಯ ಬೇಕರಿಯ ಗಲ್ಲಾದ ಹಿಂದೆ ಗಾಲಿಕುರ್ಚಿಯಲ್ಲಿ ಕೂರುತ್ತಾನೆ. ಪ್ರತಿ ಬುಧವಾರ ಅಂಗಡಿ ಕೆಲಸ ಮುಗಿಸಿ ಬಾವುಟದಣ್ಣ ಅಲ್ಲಿಗೆ ಹೋಗುತ್ತಾರೆ. ಹೋದಾಗಲೆಲ್ಲ ಒಂದೇ ಜಗಳ. "ನಾನ್ಯಾಕೆ ನೋಡಿದೆ ಅಂತ ಅವನು, ನಾನ್ಯಾಕೆ ಕೈ ಎತ್ತಿದೆ ಅಂತ ನಾನು. ತಪ್ಪನ್ನ ಒಬ್ಬರಿಗೊಬ್ಬರು ಬಿಟ್ಟುಕೊಡಲ್ಲ" ಎನ್ನುತ್ತಾರೆ. ಜಗಳ ಮುಗಿಸುವುದು ಯಾವಾಗಲೂ ಗೆಳೆಯನೇ. "ನಿನ್ನ ಮುಖ ನೋಡಿ ನನ್ನ ಸೊಂಟ ಹೋಯ್ತಲ್ಲೋ. ನೋಡೋ ಹಾಗಿರೋ ಮುಖವಾದ್ರೂ ಆಗಿದ್ರೆ ಇಷ್ಟು ಬೇಜಾರಿರ್ತಿರಲಿಲ್ಲ." ಇಬ್ಬರೂ ನಗುತ್ತಾರೆ. ಆ ಹೊಸ ಬಗೆಯ ಬನ್ನನ್ನು ಗೆಳೆಯ ಮತ್ತೆಂದೂ ಮಾಡಿಲ್ಲ.

ಅಂದಿನಿಂದ ಬಾವುಟದಣ್ಣ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಬಾವುಟವೂ ಬೆನ್ನ ಹಿಂದೆಯೇ ಇರುತ್ತದೆ. ಪರಿಚಯದವರು ತಲೆ ಆಡಿಸಿದರೂ ಮುಖದ ಒಂದು ಗೆರೆ ಅಲುಗುವುದಿಲ್ಲ. ಹೊಸದಾಗಿ ಬಂದವರು ಇವರನ್ನು ಗರ್ವಿ ಎಂದುಕೊಳ್ಳುತ್ತಾರೆ. "ಅಂದ್ಕೊಳ್ಳಲಿ ಬಿಡಿ. ಕಂಬಕ್ಕೆ ಯಾರಾದ್ರೂ ನಮಸ್ಕಾರ ಹೇಳ್ತಾರಾ? ನಾನು ಇಲ್ಲಿ ಕಂಬ."

ಕಂಬವಾಗಿ ಟ್ರ್ಯಾಕಿನಲ್ಲಷ್ಟೇ ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತು. ಆ ಕೈ ಮನೆಯಲ್ಲೂ ಮೇಲೇಳದಾಯಿತು. ಅಪಘಾತವಾದಾಗ ಮಗಳಿಗೆ ಹದಿಮೂರು. ದಿನಾ ಬೆಳಗ್ಗೆ ಸ್ಕೂಲ್ ಬಸ್ಸಿನ ಕಿಟಕಿಯಿಂದ ಕತ್ತು ಹೊರಳಿಸಿ ಅಪ್ಪನತ್ತ ಕೈ ಬೀಸುತ್ತಿದ್ದಳು. ಅದುವರೆಗೆ ಬಸ್ಸು ಮೂಲೆ ತಿರುಗುವವರೆಗೂ ಕೈ ಬೀಸುತ್ತಿದ್ದ ಅಪ್ಪ, ಆಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲತೊಡಗಿದರು. ಕೆಲವು ದಿನ ಅವಳು ಬೀಸಿದಳು. ಆಮೇಲೆ ಅವಳೂ ಬಿಟ್ಟಳು. ಹಾಸ್ಟೆಲ್ಲಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಅಪ್ಪ ಹಾಗೆಯೇ ನಿಂತಿದ್ದರು. "ಗೆಳತಿಯರು ಕೇಳ್ತಿದ್ರು, ನಿಮ್ಮಪ್ಪನಿಗೆ ನೀನಂದ್ರೆ ಆಗಲ್ವಾ ಅಂತ. ಏನು ಹೇಳ್ಬೇಕೋ ನನಗೂ ಗೊತ್ತಿರಲಿಲ್ಲ" ಎಂದು ಮಗಳು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಹೇಳುತ್ತಾಳೆ. ದನಿಯಲ್ಲಿ ಆಪಾದನೆ ಇಲ್ಲ. ಹಳೆಯ ಗಾಯದ ಗುರುತನ್ನು ತೋರಿಸುವ ಹಾಗೆ ಹೇಳುತ್ತಾಳೆ.

ಟ್ರ್ಯಾಕಿಗೆ ಬರುವ ಆಸೆ ಯಾಕೆ ಎಂದರೆ, "ನನ್ನ ಇಡೀ ಬಾಲ್ಯದ ಭಾನುವಾರಗಳನ್ನ ಈ ಜಾಗ ತಿಂದಿದೆ. ಅಪ್ಪ ಇಲ್ಲಿ ಏನು ಮಾಡ್ತಾರೆ ಅಂತ ಒಂದ್ಸಲ ನೋಡಬೇಕಿತ್ತು" ಎನ್ನುತ್ತಾಳೆ.

ಆ 'ನೋಡಬೇಕಿತ್ತು' ಎಂದು ಅವಳು ಮನೆಯಲ್ಲೂ ಹೇಳಿದ್ದ ಮಾತೇ ಅಪ್ಪನ ಎದೆಗೆ ಕಲ್ಲಾಗಿ ಕೂತಿತು. ಹೋದ ವಾರ ಅಡುಗೆಮನೆಯಲ್ಲಿ, ಅವಳು ತಟ್ಟೆ ತೊಳೆಯುತ್ತಿದ್ದಾಗ, ಹನ್ನೊಂದು ವರ್ಷ ಬಾಯಿಬಿಡದ ವಿಷಯವನ್ನು ಅವರು ಹೇಳಿದರು. ಅಪಘಾತದ ಸುದ್ದಿ ಅವಳಿಗೆ ಗೊತ್ತಿತ್ತು. ಎತ್ತಿದ ಕೈಯ ವಿಷಯ ಗೊತ್ತಿರಲಿಲ್ಲ. ನಲ್ಲಿ ನಿಲ್ಲಿಸಿ ಕೇಳಿದಳು.

"ಅದಕ್ಕೇನಾ ಬಸ್ ಹತ್ರ..."

"ಹೂಂ."

"ಹೇಳಬಹುದಿತ್ತಲ್ಲಪ್ಪ."

"ಏನಂತ ಹೇಳ್ಲಿ? ನಾಲ್ಕನೇ ತಿರುವಲ್ಲಿ ನನ್ನ ನೋಡಬೇಡ. ಅಷ್ಟು ಮಾಡು ಸಾಕು. ನಾನಿದೀನಿ ಅನ್ನೋದನ್ನೇ ಮರೆತುಬಿಡು."

"ಸರಿ" ಎಂದಳು. ನಲ್ಲಿ ಮತ್ತೆ ತಿರುಗಿಸಿದಳು. ಅಷ್ಟು ಬೇಗ ಸರಿ ಎಂದಿದ್ದೇ ಅವರಿಗೆ ಸಂಕಟ. ಮರುದಿನ ಮೇಲ್ವಿಚಾರಕಿಯ ಬಳಿ ಹೋಗಿ, ಈ ವಾರದ ಮಟ್ಟಿಗೆ ಬೇರೆ ತಿರುವು ಕೊಡಿ ಎಂದು ಕೇಳಿದರು. ಹದಿನೆಂಟು ವರ್ಷದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದೇ.

"ಮೊದಲ ಸಲ ಬರೋ ಮಕ್ಕಳೆಲ್ಲ ತಪ್ಪೋದು ಅಲ್ಲೇ" ಎಂದರು ಮೇಲ್ವಿಚಾರಕಿ. "ಅಲ್ಲಿ ನಿಮಗಿಂತ ಬೇಗ ಬಾವುಟ ಎತ್ತೋರು ಯಾರಿದ್ದಾರೆ, ನೀವೇ ಹೇಳಿ. ನಿಮ್ಮ ಮಗಳು ಬಿದ್ದರೆ ಅಲ್ಲಿ ಯಾರಿರಬೇಕು?"



ಎಂಟು ಗಂಟೆಗೆ ಹೊಸಬರ ಮೊದಲ ಸರದಿ. ಮೂವತ್ತೊಂದು ಸಾಲಿನ ಕೊನೆಯಲ್ಲಿ ಬರುತ್ತದೆ. ಬ್ರೇಕು ಬೇಗ ಹಿಡಿಯುತ್ತಾಳೆ, ಗೇರು ಇಳಿಸುವಾಗ ಗಾಡಿ ಸ್ವಲ್ಪ ಮುಗ್ಗರಿಸುತ್ತದೆ. ಹೆಲ್ಮೆಟ್ಟು ಬಲಕ್ಕೆ, ತಿರುವು ಬಿಚ್ಚಿಕೊಳ್ಳುವ ಕಡೆಗೆ ತಿರುಗಿಯೇ ಇದೆ. ದಾಟುತ್ತಾಳೆ. ಮುಂದಿನ ಸುತ್ತು, ಅದರ ಮುಂದಿನದು, ಹೀಗೆ ಒಂಬತ್ತು ಸಲ. ಒಂಬತ್ತು ಸಲವೂ ಬಾವುಟದಣ್ಣನ ಬೆನ್ನ ಹಿಂದಿನ ಬೆರಳುಗಳು ಒಂದನ್ನೊಂದು ಹಿಸುಕುತ್ತವೆ.

ಮೂರನೇ ಸರದಿಯಲ್ಲಿ ಅವರು ಹೆದರಿದ್ದು ಅರ್ಧ ನಡೆದೇಬಿಡುತ್ತದೆ. ಮೂವತ್ತೊಂದರ ಮುಂದಿದ್ದ ಗಣಿತದ ಮೇಷ್ಟ್ರು ಹೊರಳದೆ ನೇರ ಬರುತ್ತಾರೆ. ಗಾಡಿ ಗೋಡೆಯ ಮುಂದೆ ಹಾಸಿದ ಜಲ್ಲಿಗೆ ಇಳಿದು ಮಗ್ಗುಲಾಗುತ್ತದೆ, ಮೇಷ್ಟ್ರು ಉರುಳುತ್ತಾರೆ. ಹಿಂದೆಯೇ ಮಗಳು. ಈಗ ಹಳದಿ ಬಾವುಟ ಎತ್ತಬೇಕು. ಎತ್ತಿದರೆ ಅವಳು ನೋಡುತ್ತಾಳೆ. ಎತ್ತದಿದ್ದರೆ ಅವಳಿಗೂ ಅವಳ ಹಿಂದಿನವರಿಗೂ ತಿಳಿಯುವುದಿಲ್ಲ.

ಎತ್ತುತ್ತಾರೆ. ಅರೆ ಕ್ಷಣವೂ ತಡವಿಲ್ಲ. ಕೈಗೆ ಹದಿನೆಂಟು ವರ್ಷದ ಅಭ್ಯಾಸವಿದೆ, ಅದು ಮನಸ್ಸಿನ ಅಪ್ಪಣೆಗೆ ಕಾಯುವುದಿಲ್ಲ. "ಬಾವುಟ ಎತ್ತಿದ್ದು ಗೊತ್ತು. ಆಮೇಲೆ ಕಣ್ಣು ಮುಚ್ಚಿಬಿಟ್ಟೆ. ಬಾವುಟದವನು ಕಣ್ಣು ಮುಚ್ಚೋದಾ? ನಾಚಿಕೆಗೇಡು."

ಕಣ್ಣು ತೆರೆದಾಗ ಅವಳ ಬೆನ್ನು ಕಾಣುತ್ತದೆ. ವೇಗ ಇಳಿಸಿ, ತಿರುವಿನ ಆ ತುದಿಯನ್ನೇ ನೋಡುತ್ತ ದಾಟಿಹೋಗಿದ್ದಾಳೆ. ಮೇಷ್ಟ್ರು ಮೈ ಕೊಡವಿಕೊಂಡು ಎದ್ದು ಬರುತ್ತಾರೆ. ಮೊಣಕೈ ಬಳಿ ಉಡುಪು ತರಚಿದೆ, ಅಷ್ಟೇ. "ಸಾರಿ ಅಣ್ಣ, ಬಂದ್ಬಿಟ್ಟೆ. ನಿಮ್ಮನ್ನೇ ನೋಡ್ಬಿಟ್ಟೆ" ಎನ್ನುತ್ತಾರೆ. ಬಾವುಟದಣ್ಣ ಅವರ ಭುಜ ಹಿಡಿದು ಗೋಡೆಯ ಈಚೆ ಕೂರಿಸಿ, ಹೆಲ್ಮೆಟ್ಟು ತೆಗೆಸಿ, ಎಷ್ಟು ಬೆರಳು ಹೇಳಿ ಎನ್ನುತ್ತಾರೆ. ಮೇಷ್ಟ್ರು ಇವರ ಮುಖ ನೋಡಿ, ಬೆರಳು ಎಣಿಸುವ ಬದಲು ನೀರಿನ ಬಾಟಲಿಯನ್ನು ಇವರ ಕಡೆಗೇ ಚಾಚುತ್ತಾರೆ.

ಮಧ್ಯಾಹ್ನದ ಊಟಕ್ಕೆ ಶೆಡ್ಡಿನಲ್ಲಿ ಅಪ್ಪ, ಮಗಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಹೆಚ್ಚು ಮಾತಿಲ್ಲ.

"ಬ್ರೇಕು ಸ್ವಲ್ಪ ತಡವಾಗಿ ಹಿಡಿ. ಭಯ ಬೇಡ."

"ಹೂಂ. ಮೇಷ್ಟ್ರಿಗೆ ಏನೂ ಆಗಲಿಲ್ವಲ್ಲ?"

"ಇಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಬಾವುಟ ಕಾಣಿಸ್ತಾ?"

"ಹಳದಿ ಅಂತ ಕಾಣಿಸ್ತು. ಹಿಡಿದವರು ಯಾರು ಅಂತ ಕಾಣಿಸಲಿಲ್ಲ."

ಅಪ್ಪ ತಟ್ಟೆಯನ್ನೇ ನೋಡುತ್ತ ತಲೆ ಆಡಿಸುತ್ತಾರೆ. ಇದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ಸವಾರನೂ ಕೊಟ್ಟಿಲ್ಲ. ಆದರೂ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರೆ.

ಸಂಜೆ ಪ್ರತಿ ಗುಂಪಿನ ಕೊನೆಯ ಸರದಿ ಮುಗಿದ ಮೇಲೆ ನಿಧಾನದ ಒಂದು ಸುತ್ತಿರುತ್ತದೆ. ಇಂಜಿನ್ನು ತಣ್ಣಗಾಗಲಿ ಎಂದು ಎಲ್ಲರೂ ಸೈಕಲ್ಲಿನ ವೇಗದಲ್ಲಿ ಬರುತ್ತಾರೆ. ಆ ಸುತ್ತಿನಲ್ಲಿ ಮಾತ್ರ ಬಾವುಟದವರ ಕಡೆ ನೋಡಿದರೆ ತಪ್ಪಿಲ್ಲ. ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಎಡಗೈ ಎತ್ತಿ, ದಿನವಿಡೀ ಕಾದದ್ದಕ್ಕೆ ವಂದನೆ ಹೇಳಿ ಹೋಗುವುದು ವಾಡಿಕೆ. ಬೇರೆ ತಿರುವಿನವರೆಲ್ಲ ಕೈ ಬೀಸಿ ಬೀಳ್ಕೊಡುತ್ತಾರೆ. ಬಾವುಟದಣ್ಣ ಆ ಹೊತ್ತಿಗೆ ಬಾವುಟ ಮಡಿಸುವ ನೆಪದಲ್ಲಿ ನೆಲ ನೋಡುತ್ತಾರೆ.

ಇವತ್ತು ನೆಲ ನೋಡುತ್ತಿಲ್ಲ. ಬಾವುಟಗಳು ಆಗಲೇ ಚೀಲ ಸೇರಿವೆ. ಹೊಸಬರ ಗುಂಪು ಒಬ್ಬೊಬ್ಬರಾಗಿ ಬರುತ್ತದೆ. ದರ್ಜಿ ಕೈ ಎತ್ತುತ್ತಾರೆ. ಮೇಷ್ಟ್ರು ಎರಡು ಸಲ ಎತ್ತುತ್ತಾರೆ. ಕೊನೆಗೆ ಮೂವತ್ತೊಂದು. ನಡೆದುಕೊಂಡು ಜೊತೆಗೆ ಹೋಗಬಹುದಾದಷ್ಟು ನಿಧಾನ. ಬಾವುಟದಣ್ಣನ ಬಲಗೈ ಬೆನ್ನ ಹಿಂದಿನಿಂದ ಬಿಡಿಸಿಕೊಂಡು ಮೊದಲು ಸೊಂಟದವರೆಗೆ, ಆಮೇಲೆ ಭುಜದವರೆಗೆ, ಆಮೇಲೆ ತಲೆಯಿಂದ ಮೇಲಕ್ಕೆ ಏಳುತ್ತದೆ. ಹನ್ನೊಂದು ವರ್ಷದ ಮೇಲೆ.

ಅವಳ ಎರಡೂ ಕೈ ಹ್ಯಾಂಡಲ್ಲಿನ ಮೇಲಿವೆ. ಹೆಲ್ಮೆಟ್ಟು ಬಲಕ್ಕೆ, ತಿರುವಿನ ತುದಿಯ ಕಡೆಗೆ. ಹಾಗೆಯೇ ದಾಟಿಹೋಗುತ್ತಾಳೆ.

"ನಿಧಾನದ ಸುತ್ತಲ್ಲಿ ನೋಡಬಹುದು ಅಂತ ನಾನೇ ಹೇಳಿರಲಿಲ್ಲ" ಎನ್ನುತ್ತಾರೆ ಬಾವುಟದಣ್ಣ. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ಟೋಪಿ ಸರಿಪಡಿಸಿಕೊಳ್ಳುತ್ತಾರೆ.

ಸೊಂಟದ ವಾಕಿಟಾಕಿ ಕರೆಯುತ್ತದೆ. ಮೇಲ್ವಿಚಾರಕಿಯ ದನಿ. "ನಾಲ್ಕನೇ ತಿರುವು, ಹೇಳಿ."

"ಏನೂ ಇಲ್ಲ ಮೇಡಂ. ಎಲ್ರೂ ದಾಟಿದ್ರು."

"ಮೂವತ್ತೊಂದು?"

"ದಾಟಿದ್ಳು. ನೋಡಲೇ ಇಲ್ಲ."

"ಒಳ್ಳೇದೇ ಆಯ್ತಲ್ಲ ಬಾವುಟದಣ್ಣ?"

"ಹೂಂ ಮೇಡಂ" ಎನ್ನುತ್ತಾರೆ ಅವರು, ಖಾಲಿ ದಾರಿಯನ್ನೇ ನೋಡುತ್ತ. "ಹೇಳಿದ ಮಾತು ಕೇಳ್ತಾಳೆ, ನನ್ನ ಮಗಳು."