ಒಂದೇ ಒಂದು ಜಟೆ

ಸೊಂಟದವರೆಗೆ ಇಳಿಯುವ ನನ್ನ ಕೂದಲು ತೆಳು, ನೇರ. ಹಾಕಿದ ಕ್ಲಿಪ್ಪೂ ಜಾರುತ್ತದೆ. ನಲವತ್ತಕ್ಕೆ ಕಾಲಿಟ್ಟಾಗ ತಲೆತುಂಬ ಡ್ರೆಡ್‌ಲಾಕ್ಸ್, ಅಂದರೆ ನಮ್ಮ ಜಟೆಯಂಥದ್ದು, ಬಿಡುವ ಆಸೆಯಾಯಿತು.

"ನಿಮ್ದು ತುಂಬಾ ನೈಸ್ ಕೂದ್ಲು ಮೇಡಂ, ನಿಲ್ಲೋದು ಕಷ್ಟ. ಮೊದ್ಲು ಒಂದ್ ಹಾಕ್ತೀನಿ, ನೋಡಿ ಡಿಸೈಡ್ ಮಾಡಿ," ಎಂದ ಪಾರ್ಲರಿನ ಹುಡುಗಿ ಒಂದು ಗಂಟೆ ಹೆಣಗಿ ಕಿವಿಯ ಪಕ್ಕ ಒಂದು ಜಟೆ ಮಾಡಿದಳು.

ಮನೆಗೆ ಬರುವಾಗ ಅಲ್ಲಾಳಸಂದ್ರದ ಹೂವಿನ ಅಜ್ಜಿ ಅದನ್ನು ಕಂಡು ಎದ್ದು ಕೈಮುಗಿದರು. "ಯಾವ್ ದೇವ್ರು ಬಂದೈತೆ ತಾಯಿ?"

"ದೇವ್ರೇನಿಲ್ಲ ಅಜ್ಜಿ, ನಾನೇ ಹಾಕಿಸ್ಕೊಂಡೆ."

ಅಜ್ಜಿ ಮುಗಿದ ಕೈ ಇಳಿಸಿದರು. "ಅಂಗಾದ್ರೆ ಓಗಿ ಎಣ್ಣೆ ಅಚ್ಚಿ ಬಾಚ್ಕೊಳವ್ವ."

ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಆದರೂ ಹಟಕ್ಕೆ ಎರಡು ದಿನ ಇಟ್ಟುಕೊಂಡೆ. ಮೂರನೆಯ ಬೆಳಿಗ್ಗೆ ನೋಡಿದರೆ ಜಟೆ ತಾನಾಗಿಯೇ ಅರ್ಧ ಬಿಚ್ಚಿಕೊಂಡಿತ್ತು. ಉಳಿದದ್ದನ್ನು ನಾನೇ ಬಿಡಿಸಿ, ಪಾರ್ಲರಿಗೆ ಫೋನ್ ಮಾಡಿ ಬೇಡವೆಂದೆ. ಬೇಸರಕ್ಕಿಂತ ಹಾಯೆನಿಸಿತು.