ಮನೆ ನೋಡೋಕೆ ಬಂದ ದಿನದ ಚಿರತೆ

ರಜ ಸಿಕ್ಕಾಗೆಲ್ಲ ದುರ್ಬೀನು ನೇತಾಕ್ಕೊಂಡು ಕಂಡ ಪ್ರಾಣಿ, ಪಕ್ಷೀನೆಲ್ಲ ಬರ್ಕೊಳ್ಳೋ ಚಟ ನಂಗೆ. ಎಂಬತ್ತೈದರ ಸುಮಾರಿನಲ್ಲಿ ಒಂದು ದಿನ ಮಂಡಿಕಲ್ ಹತ್ರ ಬಂಡೆ ಮೇಲೆ ಚಿರತೆ ಕಾಣಿಸ್ತು. ಎತ್ತಿನಷ್ಟಿತ್ತು, ನಂಬಿದ್ರೆ ನಂಬಿ. ಅದು ಪೊದೆ ಸೇರಿದ್ಮೇಲೆ ಬರ್ಕೋತಾ ಇದ್ದೆ, ಅದನ್ನ ತಾನೂ ಕಂಡಿದ್ದ ಕೆಳಗಿನ ಮನೆ ನರಸಮ್ಮ ನಡುಗ್ತಾ ಓಡಿ ಬಂದ್ಲು.

"ಸಾಮಿ, ಚಿರತೆ ಅಂತ ಬಾಯಿ ಬಿಡ್ಬೇಡಿ. ನನ್ನ ಮಗನಿಗೆ ಹೆಣ್ಣು ಕೊಡೋರು ಸಾದಲಿಯಿಂದ ಮನೆ ನೋಡೋಕೆ ಬಂದವ್ರೆ. ಗೊತ್ತಾದ್ರೆ ಎದ್ದು ಹೋಗ್ತಾರೆ."

ಅವಳ ಹಿಂದೇನೇ ಹುಡುಗಿ ತಾತನೂ ಹತ್ಕೊಂಡು ಬಂದ. "ಏನಪ್ಪ ಕಾಣಿಸ್ತು?"

ಜೀವಮಾನದಲ್ಲಿ ಮೊದಲನೇ ಸಲ ಕಂಡಿದ್ದನ್ನ ಕಮ್ಮಿ ಮಾಡಿ ಹೇಳ್ದೆ. "ಕಾಡುಬೆಕ್ಕು, ತಾತ."

ತಾತ ನರಸಮ್ಮನ್ನ ಮೇಲಿಂದ ಕೆಳಗೆ ನೋಡ್ದ. "ಬೆಕ್ಕಿಗೇ ಹಿಂಗೆ ನಡುಗ್ತೀಯೇನಮ್ಮ? ನಮ್ಮ ಹುಡುಗಿ ಕುರಿ ದೊಡ್ಡಿಗೆ ನುಗ್ಗಿದ ಚಿರತೇನೇ ದೊಣ್ಣೆ ತಗೊಂಡು ಓಡಿಸ್ದೋಳು. ಇಂಥ ಪುಕ್ಕಲು ಮನೆಗೆ ಹೆಂಗೆ ಕೊಡೋದು?"

ನರಸಮ್ಮ ಅಳೋ ಹಂಗೆ ನನ್ನ ಮುಖ ನೋಡಿದ್ಲು.

"ಬೆಕ್ಕಲ್ಲ ತಾತ, ಚಿರತೆ," ಅಂದೆ. "ಮೂರಿದ್ವು."

ತಾತನ ಮುಖ ಅರಳ್ತು. ಸಂಬಂಧ ಗಟ್ಟಿಯಾಯ್ತು.

ಮದುವೆ ಊಟದಲ್ಲಿ ಆ ತಾತ ಪಂಕ್ತಿ ತುಂಬ ಐದು ಚಿರತೆ ಅಂತ ಹೇಳ್ಕೊಂಡು ಬರ್ತಿದ್ದ. ಇಂಥ ಸುಳ್ಳು ಹೇಳೋರನ್ನ ಕಂಡ್ರೆ ನಂಗಾಗಲ್ಲ.